ಮೂರನೆಯವರ ತೂಕ

ಗ್ಯಾರೇಜಿನ ಬಾಗಿಲಿಗೆ ಬಂದು ನಿಂತ ಆ ಕಾರನ್ನು ನೋಡಿದ ಕೂಡಲೇ ಮೆಕ್ಯಾನಿಕ್ಕಿಗೆ ಮೈಯೆಲ್ಲ ಉರಿಯಿತು. ಒಳ್ಳೆಯ ಎತ್ತರದ ಕಾರು. ಯಾರೋ ಪುಣ್ಯಾತ್ಮರು ಅದರ ಸ್ಪ್ರಿಂಗ್ ಕತ್ತರಿಸಿ ನೆಲಕ್ಕೆ ಕೂರಿಸಿದ್ದರು. ಚಕ್ರಗಳೋ, ಕಣ್ಣು ಕುಕ್ಕುವ ದೊಡ್ಡ ಅಲಾಯ್. ಸುತ್ತ ಬಳೆಯಷ್ಟು ತೆಳ್ಳಗಿನ ಟೈರು. ಮುಂದಿನ ಎಡಚಕ್ರದ ಅಂಚು ಬಿದ್ದ ತಟ್ಟೆಯ ಹಾಗೆ ಸೊಟ್ಟಗಾಗಿತ್ತು.

ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಸ್ಟೀರಿಂಗ್ ಹಿಡಿದು ಕೂತಿದ್ದವಳಿಗೆ ನಲವತ್ತರ ಹತ್ತಿರದ ವಯಸ್ಸು. ಅದನ್ನೂ ನೋಡದೆ ಕೇಳಿಯೇಬಿಟ್ಟ.

"ನೆಲ ನೆಕ್ಕೋ ಗಾಡಿ ಶೋಕಿ ಹುಡುಗರಿಗೆ ಸರಿ ಮೇಡಂ. ನಿಮಗ್ಯಾಕೆ ಇದು?"

ಅವಳು ಸಿಟ್ಟಾಗಲಿಲ್ಲ. ಇಳಿದು ಡಿಕ್ಕಿಯಿಂದ ಮಡಚಿದ ಗಾಲಿಕುರ್ಚಿ ತೆಗೆದಳು. ಅದನ್ನು ಬಿಡಿಸಿ ಮುಂದಿನ ಇನ್ನೊಂದು ಬಾಗಿಲಿಗೆ ಆನಿಸಿ, ಕಾರಿನ ಸೀಟಿಗೂ ಕುರ್ಚಿಗೂ ನಡುವೆ ನುಣುಪಾದ ಒಂದು ಹಲಗೆ ಇಟ್ಟಳು. ಒಳಗಿದ್ದ ಮುದುಕರು ಹಲಗೆಯ ಮೇಲೆ ಮೆಲ್ಲನೆ ಜಾರಿ ಕುರ್ಚಿಗೆ ಬಂದರು. ಸೀಟು, ಹಲಗೆ, ಕುರ್ಚಿ ಮೂರೂ ಒಂದೇ ಮಟ್ಟ.

"ಇದಕ್ಕೆ," ಎಂದಳು.

"ಹೊಟ್ಟೆಪಾಡಿಗೆ ಲಾರಿ ಓಡಿಸ್ತಿದ್ದೆ," ಎಂದರು ಅವಳ ಅಪ್ಪ, ಪಂಚೆ ಸರಿಮಾಡಿಕೊಳ್ಳುತ್ತ. "ಹತ್ತೋಕೆ ಏಣಿ ಬೇಕಿತ್ತು. ಈಗ ನೋಡಪ್ಪ, ಗಾಡಿನೇ ನನ್ನ ಮುಂದೆ ಬಗ್ಗಿ ಕೂತಿದೆ."

ಮೆಕ್ಯಾನಿಕ್ ನೆಲಕ್ಕೆ ಕೂತು ಕಾರಿನ ಕೆಳಗೆ ಕಣ್ಣು ಹಾಯಿಸಿದ. ಕಾರು ನೋಡುವುದಕ್ಕಲ್ಲ, ಮುಖ ಮರೆಸಿಕೊಳ್ಳುವುದಕ್ಕೆ.

ಅವಳು ದರ್ಜಿ. ಇದೇ ಊರಿನಲ್ಲಿ ಎರಡನೇ ಮಹಡಿಯ ಮನೆ. ಅಪ್ಪ ಕೆಳಗಿಳಿಯಬೇಕೆಂದರೆ ಅಕ್ಕಪಕ್ಕದವರು ಹೊತ್ತು ತರಬೇಕು. ಈಗ ದೂರದ ಊರಿನ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಇರುವುದಕ್ಕೆ ನೆಲಮಟ್ಟದ ಮನೆಯನ್ನೂ ಅವರೇ ಕೊಡುತ್ತಿದ್ದರು. "ಅಪ್ಪ ತಾವೇ ಬಾಗಿಲು ತೆಗೆದು ಬೀದಿಗೆ ಹೋಗಬಹುದು," ಎಂದಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಬಂದ ಬೆಳಕನ್ನು ಅವನು ಕೆಳಗಿನಿಂದಲೇ ನೋಡಿದ. ಆದರೆ ಅಲ್ಲಿಗೆ ಹೋಗುವ ದಾರಿ ಘಾಟಿಯದು, ಗುಂಡಿಬಿದ್ದು ಹಾಳಾದದ್ದು. ಕಾರು ಇಷ್ಟೇ ತಗ್ಗಿನಲ್ಲಿರಬೇಕು, ದಾರಿಯಲ್ಲಿ ಮುರಿಯಲೂ ಬಾರದು.

"ಎರಡೂ ಬೇಕು ಅಂದ್ರೆ ಹೇಗೆ?"

"ಎರಡರಲ್ಲಿ ಒಂದು ಅಂದಿದ್ರೆ ಬೇರೆ ಗ್ಯಾರೇಜಿಗೆ ಹೋಗ್ತಿದ್ದೆ."

ಅವತ್ತಿನಿಂದ ಅವಳು ಹೊಲಿಗೆ ಅಂಗಡಿ ಮುಚ್ಚಿ ಸಂಜೆ ಗ್ಯಾರೇಜಿಗೆ ಬರತೊಡಗಿದಳು. ಕಾರಿಗೆ ಹಾಕುವ ಸಾಮಾನು ಆಯ್ಕೆ ಮಾಡುವುದಕ್ಕೆ ಅಷ್ಟೊಂದು ಸಂಜೆ ಬೇಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಬಟನ್ ಒತ್ತಿದರೆ ಏರುವ, ಇಳಿಯುವ ಗಾಳಿ ಸಸ್ಪೆನ್ಶನ್ ಹಾಕಿಸಿದರೆ ಹೇಗೆ ಎಂದು ಅವಳು ಕೇಳಿದಳು. "ಚೆನ್ನಾಗಿರುತ್ತೆ, ಗಾಳಿ ಇರೋವರೆಗೆ," ಎಂದ. "ಘಾಟಿ ಮಧ್ಯೆ ಪೈಪ್ ಬಿರುಕುಬಿಟ್ರೆ ನಿಮ್ಮಪ್ಪನ್ನ ಹೊತ್ಕೊಂಡು ಹೋಗೋರು ಯಾರು?" ಅದರ ಬದಲು ಕಾಯಿಲೋವರ್ ತೋರಿಸಿದ: ಕುಲುಕಾಟ ತಡೆಯುವ ಶಾಕ್ ಮತ್ತು ಸ್ಪ್ರಿಂಗ್ ಒಂದರೊಳಗೊಂದು, ಎತ್ತರ ಬದಲಿಸಲು ಕೆಳಗೊಂದು ತಿರುಗುವ ರಿಂಗ್. ಕತ್ತರಿಸಿದ ಸ್ಪ್ರಿಂಗಿನ ಹಾಗಲ್ಲ. ಇದರಲ್ಲಿ ಕಾರು ತಗ್ಗಿದರೂ ಶಾಕ್ ಕುಣಿಯಲು ಜಾಗ ಉಳಿಯುತ್ತದೆ. ಚಕ್ರಕ್ಕೆ ಎರಕದ್ದು ಬೇಡ, ಫೋರ್ಜ್ ಮಾಡಿದ್ದು, ಅಂದರೆ ಲೋಹ ಒತ್ತಿ ಗಟ್ಟಿ ಮಾಡಿದ್ದು ಬೇಕು. ಜನ, ಗಾಲಿಕುರ್ಚಿ, ಸಾಮಾನು ಎಲ್ಲದರ ತೂಕ ತಾಳುತ್ತದೆಂಬ ಗುರುತು ಅದರ ಮೇಲಿರಬೇಕು. ಅದೂ ಈಗಿನದಕ್ಕಿಂತ ಸಣ್ಣದು, ಆಗ ಟೈರಿಗೆ ಮೈ ಬರುತ್ತದೆ.

"ಸಣ್ಣ ಚಕ್ರ ಚೆಂದ ಕಾಣಲ್ಲ," ಎಂದಳು, ಅವನನ್ನು ಕೆಣಕಲೆಂದೇ.

"ಚೆಂದ ಕಾಣಬೇಕು ಅಂದ್ರೆ ಕ್ಯಾಲೆಂಡರ್ ತಗೊಳ್ಳಿ. ಗುಂಡಿಗೆ ಬಿದ್ದಾಗ ಏಟು ತಿನ್ನೋದು ಟೈರಿನ ರಬ್ಬರ್. ರಬ್ಬರೇ ಇಲ್ಲದಿದ್ರೆ ಏಟೆಲ್ಲ ಚಕ್ರಕ್ಕೆ."

"ಅಂದ್ರೆ ಮೆತ್ತಗಿರೋದು ಒಂಚೂರಾದರೂ ಇರಬೇಕು."

"ಗಾಡಿಲಿ."

"ಗಾಡಿಲಿ ಅಂತಲೇ ಹೇಳಿದ್ದು," ಎಂದು ನಕ್ಕಳು. ಅವಳು ಅವನನ್ನು ನೋಡುವ ರೀತಿಯೇ ಬೇರೆ. ಕಣ್ಣು ಭುಜದಿಂದ ಹೊರಟು ತೋಳಿಗಿಳಿದು ಮಣಿಕಟ್ಟಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿತ್ತು. ಒಂದು ಸಂಜೆ ಹೇಳಿದಳು: "ನಿಮ್ಮ ಬಲಭುಜ ಎಡದಕ್ಕಿಂತ ಒಂದು ಬೆರಳು ತಗ್ಗಿದೆ. ಮೊದಲು ನಿಮಗೆ ಅಲೈನ್‌ಮೆಂಟ್ ಮಾಡಿಸ್ಬೇಕು."

ಗ್ಯಾರೇಜಿನ ಮುಂಗಟ್ಟಿನಲ್ಲಿ ಬಿಲ್ಲು ಬರೆಯುತ್ತಿದ್ದ ಅವನ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಗ್ಯಾರೇಜು ಅವನ ಅಣ್ಣನದು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಅನ್ನವೂ ಇವನ ಎರಡು ಕೈಯಲ್ಲಿತ್ತು. ಮದುವೆಯ ಮಾತು ಬಂದಾಗಲೆಲ್ಲ ಆಮೇಲೆ ನೋಡೋಣ ಅಂದಿದ್ದ. ಆ ಆಮೇಲೆ ಬರುವಷ್ಟರಲ್ಲಿ ತಲೆಗೂದಲು ನೆರೆತಿತ್ತು.

ಸಾಮಾನು ಬಂತು. ಹಳೆಯದನ್ನು ಬಿಚ್ಚುವಾಗ ಅವನು ಅವಳಿಗೆ ಒಂದು ವಿಷಯ ಹೇಳಿದ. ಸಸ್ಪೆನ್ಶನ್ನಿನ ಕೀಲುಗಳಲ್ಲಿ ಬಳೆಯಂಥ ರಬ್ಬರ್ ಬುಷ್‌ಗಳು ಇರುತ್ತವೆ. ಚಕ್ರ ಗಾಳಿಯಲ್ಲಿ ತೂಗಾಡುವಾಗ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅದಕ್ಕೇ ಅವನು ಕಾರನ್ನು, ತಳದ ಕೆಲಸಕ್ಕೆಂದು ಗ್ಯಾರೇಜಿನ ನೆಲದಲ್ಲಿ ತೋಡಿದ ಗುಂಡಿಯ ಮೇಲೆ ನಿಲ್ಲಿಸಿ, ಪ್ರಯಾಣ ಮಾಡುವವರನ್ನೆಲ್ಲ ಒಳಗೆ ಕೂರಿಸಿ, ತಾನು ಗುಂಡಿಯಲ್ಲಿ ನಿಂತು ಬಿಗಿಯುತ್ತಿದ್ದ. ಬೇರೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

"ಮೇಲೆತ್ತಿ ಬಿಗಿಯೋದು ಅಂದ್ರೆ, ಕೂತ್ಕೊಳ್ಳೋರ ಪ್ಯಾಂಟನ್ನ ನಿಂತೋರ ಅಳತೆಗೆ ಹೊಲಿದ ಹಾಗೆ," ಎಂದಳು ಅವಳು.

"ಅದೇ. ಎಷ್ಟು ಜನ ಕೂರ್ತೀರಿ?"

ಅವಳು ತುಸು ತಡೆದಳು. "ಮೂರು ಜನಕ್ಕೆ ಸೆಟ್ ಮಾಡಿ. ನಾನು, ಅಪ್ಪ. ನನ್ನ ಹಿಂದಿನ ಸೀಟಲ್ಲಿ ಇನ್ನೊಬ್ಬರು."

"ಅವರ ತೂಕ?"

"ನಿಮ್ಮಷ್ಟೇ." ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಎತ್ತರ, ಭುಜ, ಎಲ್ಲ ನಿಮ್ಮಷ್ಟೇ."

ಸ್ಪ್ರಿಂಗಿನ ಬಗ್ಗೆ ಇಡೀ ಪುರಾಣ ಹೇಳಬಲ್ಲ ಆ ಮನುಷ್ಯನಿಗೆ ಎದುರಿಗಿದ್ದ ಹೆಂಗಸಿನ ಒಂದು ಮಾತು ತಲೆಗೆ ಹತ್ತಲಿಲ್ಲ. ಯಾವನೋ ಒಬ್ಬ ಗೊತ್ತಾಗಿದ್ದಾನೆ, ಮದುವೆಯಾಗಿ ಜೊತೆಗೆ ಹೊರಡುತ್ತಾನೆ ಎಂದುಕೊಂಡ. ಬಾಯಿಗೆ ಬಂದದ್ದು ಕೋಪ.

"ಸರಿ. ಗಾಡಿ ತಗೊಂಡು ಹೋಗೋಕೆ ಇನ್ಮೇಲೆ ಅವರನ್ನೇ ಕಳಿಸಿ. ದಿನಾ ಬಂದು ತಲೆ ತಿನ್ನಬೇಡಿ."

ಅವಳ ಮುಖ ಬಾಡಿತು. ಚೀಲ ಎತ್ತಿಕೊಂಡು ಹೊರಟಳು. ಮರುಸಂಜೆ ಬರಲಿಲ್ಲ, ಅದರ ಮರುಸಂಜೆಯೂ ಇಲ್ಲ.

"ಏನಂದೆ ಅವಳಿಗೆ?" ಎಂದು ಅತ್ತಿಗೆ ಕೇಳಿದರು.

"ಏನೂ ಅನ್ನಲಿಲ್ಲ."

"ನಿನ್ನ ‘ಏನೂ ಅನ್ನಲಿಲ್ಲ’ ಅನ್ನೋದು ನನಗೆ ಗೊತ್ತಿಲ್ವಾ ಮೈದುನ? ಅದನ್ನ ಕೇಳಿಯೇ ಅಲ್ವಾ ಮೂರು ಹೆಲ್ಪರ್‌ಗಳು ಬಿಟ್ಟು ಹೋಗಿದ್ದು."

ಕಾರು ಒಪ್ಪಿಸುವ ಬೆಳಿಗ್ಗೆ ಅಪ್ಪ, ಮಗಳು ಇಬ್ಬರೇ ಬಂದರು. ಕಾರು ಗುಂಡಿಯ ಮೇಲೆ ಸಿದ್ಧವಾಗಿತ್ತು. ಚಾಲಕನ ಹಿಂದಿನ ಸೀಟಿನಲ್ಲಿ ಎರಡು ಮರಳುಚೀಲ ಒಂದರ ಮೇಲೊಂದು ಕೂತಿದ್ದವು. ಬೀಳದಿರಲೆಂದು ಸೀಟ್ ಬೆಲ್ಟ್ ಕಟ್ಟಿದ್ದ.

"ಇದೇನು?" ಎಂದಳು.

"ನಿಮ್ಮ ಮೂರನೆಯವರು. ತೂಕ ಹಾಕಿ ತುಂಬಿದೀನಿ. ನನ್ನಷ್ಟೇ ಇದೆ."

ಅವಳು ಮರಳುಚೀಲವನ್ನೇ ನೋಡುತ್ತ ನಿಂತಳು. "ಮರಳು ಯಾಕೆ ತುಂಬಿದ್ರಿ? ನೀವೇ ಕೂರಬಾರದಾಗಿತ್ತಾ?"

"ನಾನು ಮೇಲೆ ಕೂತ್ರೆ ಕೆಳಗೆ ಬೋಲ್ಟ್ ಯಾರು ಬಿಗೀತಾರೆ?"

ಅಪ್ಪ ಹಲಗೆಯ ಮೇಲೆ ಜಾರಿ ತಮ್ಮ ಸೀಟಿಗೆ ಹೋದರು. ಅವಳು ಸ್ಟೀರಿಂಗ್ ಮುಂದೆ ಕೂತು ಬಾಗಿಲು ತೆರೆದೇ ಬಿಟ್ಟಳು. ಅವನು ಗುಂಡಿಗಿಳಿದ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಕಾರಿನ ಹೊಟ್ಟೆ ಮಾತ್ರ. ಮುಂದಿನ ಬೋಲ್ಟುಗಳನ್ನು ಬಿಗಿದು ಹಿಂದಕ್ಕೆ ಬಂದಾಗ ಮೇಲಿನಿಂದ ಅವಳ ದನಿ ಬಂತು.

"ಮೂರನೆಯವರು ಅಂತ ಯಾರೂ ಇಲ್ಲ. ಅವತ್ತು ಹೇಳಿದ್ದು ನಿಮ್ಮನ್ನೇ. ನಿಮ್ಮನ್ನ ಕಣ್ಣಲ್ಲೇ ಅಳೆದಿದ್ದೆ, ಅದನ್ನೇ ಹೇಳಿದೆ. ಅದಕ್ಕಿಂತ ಬಿಡಿಸಿ ಹೇಳೋ ಧೈರ್ಯ ನನಗಿರಲಿಲ್ಲ."

ಸ್ಪ್ಯಾನರ್ ಬೋಲ್ಟಿನ ಮೇಲೆ ನಿಂತಿತು. ಅಪ್ಪ ಕಿಟಕಿಯ ಕಡೆ ತಿರುಗಿ, ಬೀದಿಯಲ್ಲಿ ಏನೂ ಇಲ್ಲದಿದ್ದರೂ ಅದನ್ನೇ ನೋಡುತ್ತಿದ್ದರು.

ಮೆಕ್ಯಾನಿಕ್ ಗುಂಡಿಯ ಗೋಡೆಗೆ ಒರಗಿದ. ದಡ್ಡ ನಾನು ಎಂದು ಮೊದಲು ಅನ್ನಿಸಿತು. ಆಮೇಲೆ ಅದಕ್ಕಿಂತ ಕಹಿಯಾದದ್ದು ಹೊಳೆಯಿತು. ಅವತ್ತೇ ಅರ್ಥವಾಗಿದ್ದರೆ ಏನು ಮಾಡುತ್ತಿದ್ದ? ಮುಂಗಟ್ಟಿನಲ್ಲಿ ಅತ್ತಿಗೆ ದೊಡ್ಡ ಮಗಳ ಫೀಸಿನ ವಿಷಯ ಫೋನಿನಲ್ಲಿ ಮಾತಾಡುತ್ತಿದ್ದರು. ಇಲ್ಲಿ ಉಳಿಯಿರಿ ಎಂದು ಅವಳಿಗೆ ಹೇಳೋಣವೆಂದರೆ, ಆ ಮುದುಕರನ್ನು ಮತ್ತೆ ಎರಡನೇ ಮಹಡಿಗೆ ಹೊತ್ತು ಹಾಕಬೇಕು. ಅತ್ತ ದರಿ, ಇತ್ತ ಪುಲಿ.

"ಕೇಳಿಸ್ತಾ?" ಎಂದಳು.

"ಕೇಳಿಸ್ತು." ಸ್ಪ್ಯಾನರನ್ನು ಕೆಳಗಿಟ್ಟ. "ಆ ಮೂರನೆಯವರ ಮೇಲೆ ನಾನು ಎಷ್ಟು ಹೊಟ್ಟೆಕಿಚ್ಚು ಪಟ್ಟೆ ಅಂತ ನಿಮಗೆ ಹೇಳೋಕಾಗಲ್ಲ. ಆ ಚೀಲಕ್ಕೆ ಮರಳು ತುಂಬೋವಾಗ ಎರಡು ಸಲ ಒದ್ದಿದೀನಿ."

ಮೇಲೆ ನಗುವೋ ಅಳುವೋ ಗೊತ್ತಾಗದ ಒಂದು ಸದ್ದು.

"ನೀವಂದ್ರೆ ನನಗೆ ಇಷ್ಟ," ಎಂದ, ಕಾರಿನ ತಳಕ್ಕೆ. "ಮುಖ ನೋಡಿ ಹೇಳೋಕೆ ಬರಲ್ಲ, ಇಲ್ಲಿಂದಲೇ ಹೇಳ್ತೀನಿ. ತುಂಬಾ ಇಷ್ಟ. ಆದರೆ ಈ ಗ್ಯಾರೇಜ್ ಬಿಟ್ಟು ಬರೋಕಾಗಲ್ಲ. ಅಣ್ಣನ ಮಕ್ಕಳು ಇನ್ನೂ ದಡ ಸೇರಿಲ್ಲ."

"ಗೊತ್ತು," ಎಂದಳು. "ನಿಮ್ಮ ಅತ್ತಿಗೆನ ದಿನಾ ನೋಡ್ತಿದ್ದೆನಲ್ಲ. ಗೊತ್ತಿದ್ದೂ ಕೇಳಿದೆ. ಒಂದು ಸಲ ಕೇಳದೆ ಹೋದರೆ ಆ ಊರಲ್ಲಿ ನಿದ್ದೆ ಬರ್ತಿರಲಿಲ್ಲ."

ಅವನು ಮೇಲೆ ಬಂದ. ಹಿಂದಿನ ಬಾಗಿಲು ತೆರೆದು ಬೆಲ್ಟ್ ಬಿಚ್ಚಿ ಚೀಲಗಳನ್ನು ಇಳಿಸಿದ. ತೂಕ ಹೋದದ್ದೇ ತಡ, ಕಾರಿನ ಆ ಮೂಲೆ ಒಂದು ಬೆರಳು ಮೇಲೆದ್ದಿತು.

"ಹಾಗೇ ಬಿಡಿ," ಎಂದಳು ಅವಳು, ಕನ್ನಡಿಯಲ್ಲಿ ಅದನ್ನು ನೋಡುತ್ತ. "ಮೂರು ಜನಕ್ಕೇ ಇರಲಿ."

"ಬಿಡೋಕಾಗಲ್ಲ. ರಬ್ಬರ್ ತಿರುಚಿಕೊಂಡಿರುತ್ತೆ, ಟೈರ್ ಒಂದೇ ಕಡೆ ಸವೆಯುತ್ತೆ. ಘಾಟಿಯಲ್ಲಿ ನಿಮಗೆ ತೊಂದರೆ."

"ಇರಲಿ ಅಂದೆನಲ್ಲ."

"ನಾನು ಕೈಯಾರೆ ಕೆಟ್ಟ ಕೆಲಸ ಮಾಡಿ ನಿಮ್ಮನ್ನ ಕಳಿಸಲ್ಲ," ಎಂದ. ದನಿ ಎತ್ತರಿಸಿದ್ದ. ಕೊನೆಯಲ್ಲಿ ಒಡೆಯಿತು.

ಅಪ್ಪ ಆ ಬೆಳಿಗ್ಗೆ ಮೊದಲ ಸಲ ಬಾಯಿ ಬಿಟ್ಟರು. "ಮಾಡಲಿ ಬಿಡು ಮಗಳೇ. ಅವನಿಗೆ ಅದೊಂದೇ ಬರೋದು."

ಅವನು ಮತ್ತೆ ಗುಂಡಿಗಿಳಿದು ರಿಂಗ್ ತಿರುಗಿಸಿದ. ಬಿಗಿದಿದ್ದ ಬೋಲ್ಟುಗಳನ್ನು ಸಡಿಲಿಸಿ, ಇಬ್ಬರೇ ಕೂತ ತೂಕಕ್ಕೆ ಒಂದೊಂದಾಗಿ ಮತ್ತೆ ಬಿಗಿದ. ಇಷ್ಟು ನಿಧಾನವಾಗಿ ಆ ಕೆಲಸವನ್ನು ಅವನು ಎಂದೂ ಮಾಡಿರಲಿಲ್ಲ. ಮೇಲೆ ಅವಳೂ ಅವಸರ ಮಾಡಲಿಲ್ಲ.

ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ನಿಂತ. ಅವಳ ಕಣ್ಣು ಭುಜಕ್ಕೆ ಹೋಗದೆ ಈ ಸಲ ಮುಖದ ಮೇಲೇ ಇತ್ತು.

"ಸ್ವಲ್ಪ ಓಡಿದ ಮೇಲೆ ಈ ಬೋಲ್ಟ್‌ಗಳನ್ನ ಇನ್ನೊಂದು ಸಲ ಬಿಗಿಸಬೇಕು. ಅಲ್ಲೇ ಯಾರ ಹತ್ತಿರನಾದ್ರೂ ಮಾಡಿಸಿ."

"ಯಾರ ಹತ್ತಿರನಾದ್ರೂ?"

"ಹ್ಞೂಂ. ಆದರೆ ಅವರು ಗಾಡಿ ಜಾಕಿ ಮೇಲೆ ಎತ್ತಿ ಬಿಗೀತೀವಿ ಅಂತಾರೆ. ಒಪ್ಪಬೇಡಿ. ನೀವು ಒಳಗೆ ಕೂತಿದ್ದಾಗಲೇ ಬಿಗೀಬೇಕು ಅಂತ ಹೇಳಿ. ಕೇಳದಿದ್ರೆ ಜಗಳ ಮಾಡಿ."

"ನನಗೆ ಜಗಳ ಬರಲ್ಲ."

"ಕಲೀರಿ," ಎಂದ ಅವನು. "ಅಲ್ಲಿ ನಿಮ್ಮ ಪರವಾಗಿ ಜಗಳ ಆಡೋಕೆ ನಾನಿರಲ್ಲ."