ತೂಕದಯ್ಯನ ಹೊಗೆಹುಲಿ

೧೧ ಆಗಸ್ಟ್ ೧೯೬೮, ಭಾನುವಾರ. ನನ್ನ ದಿನಚರಿಯ ಈ ಪುಟದಲ್ಲಿ ಕೆಳಗಿನ ಕತೆಯಿದೆ. ಸೋದರತ್ತೆ ಪುಟ್ಟಗೌರಮ್ಮನವರು ಹೇಳಿದ್ದನ್ನು ಅಂದೇ ಇಳಿಸಿಕೊಂಡೆ. ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆಯ ಮಕ್ಕಳು ಈಗ ಇದನ್ನು ಹೇಳುವಾಗ ಕೊನೆಯ ಮಾತನ್ನು ಬಿಟ್ಟುಬಿಡುತ್ತಾರೆ. ನಾನು ಬಿಟ್ಟಿಲ್ಲ.

ಕಾಗೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ನಡುವೆ ಅರಿಗೆರೆ ಎಂಬ ರಾಜ್ಯವಿತ್ತು. ಅಲ್ಲಿನ ಜನ ಸದಾ ಜಗಳವಾಡುತ್ತಿದ್ದರು. ಬೇಸತ್ತ ರಾಜನ ಬಳಿಗೆ ಒಬ್ಬ ಮಾಂತ್ರಿಕ ಬಂದ.

"ಜಗಳ ಹುಟ್ಟೋದು ಇಬ್ಬರ ನಡುವೆ ಅಲ್ಲ ಮಹಾಸ್ವಾಮಿ, ಒಬ್ಬನ ಒಳಗೇ. ಒಬ್ಬೊಬ್ಬರ ಒಳಗೂ ನಾಲ್ವರಿದ್ದಾರೆ. ಒಬ್ಬನನ್ನು ಉಳಿಸಿಕೊಳ್ಳಿ, ಮೂವರನ್ನು ನನಗೆ ಕೊಡಿ," ಎಂದ.

ರಾಜ ಕೊಟ್ಟ. ಮಾಂತ್ರಿಕನ ಹೆಸರೆತ್ತಲು ಹೆದರಿ ಜನ ಅವನನ್ನು ತೂಕದಯ್ಯ ಎಂದರು.

ಅರಿಗೆರೆ ನಾಲ್ಕು ಕೇರಿಗಳಾಯಿತು. ನಡುವೆ ಆನೆಯೆತ್ತರದ ಗೋಡೆಗಳು ಎದ್ದವು. ಹದಿನಾರು ತುಂಬಿದ ಮಕ್ಕಳು ಅಮಾವಾಸ್ಯೆಯ ಮಧ್ಯಾಹ್ನ ತೂಕದ ಕಟ್ಟೆಗೆ ಬರಬೇಕು. ಅಲ್ಲಿ ಕಲ್ಲಿನ ಹರಿವಾಣದಲ್ಲಿ ಕತ್ತಿ, ಓಲೆಗರಿ, ಕನ್ನಡಿ, ಹಾಲಿನ ಗಿಂಡಿ ಇರುತ್ತಿದ್ದವು. ಬಲಗೈಯಿಂದ ಒಂದನ್ನು ಮುಟ್ಟಬೇಕು. ಕತ್ತಿ ಮುಟ್ಟಿದವರು ಧೀರರ ಕೇರಿಗೆ, ಓಲೆ ಮುಟ್ಟಿದವರು ಜಾಣರ ಕೇರಿಗೆ, ಕನ್ನಡಿ ಮುಟ್ಟಿದವರು ನಿಜವಂತರ ಕೇರಿಗೆ, ಹಾಲು ಮುಟ್ಟಿದವರು ಮರುಕದ ಕೇರಿಗೆ. ಮುಟ್ಟಿದೊಡನೆ ಉಳಿದ ಮೂರು ಗುಣಗಳು ಬಾಯಿಂದ ಹೊಗೆಯಾಗಿ ಹೊರಡುತ್ತಿದ್ದವು. ತೂಕದಯ್ಯ ಒಂದು ಗುಟುಕು ತಾನು ಕುಡಿದು, ಮಿಕ್ಕದ್ದನ್ನು ಬೆಟ್ಟದ ಗುಹೆಗೆ ಊದುತ್ತಿದ್ದ. ಗುಹೆಯಲ್ಲಿ ಆ ಹೊಗೆ ಹೆಪ್ಪುಗಟ್ಟಿ ಹುಲಿಯಾಗಿತ್ತು. ಮುಟ್ಟುವಾಗ ಯಾರ ಕೈ ತಡವರಿಸಿ ಹೊಗೆ ಹೊರಡಲಿಲ್ಲವೋ ಅವರು ಆ ಹುಲಿಯ ಪಾಲು.

ಜಗಳವೇನೋ ನಿಂತಿತು. ಆದರೆ ಧೀರರ ಕೇರಿಯಲ್ಲಿ ಮಗು ಬಾವಿಗೆ ಬಿದ್ದರೂ ತಾಯಿ ಅಳುತ್ತಿರಲಿಲ್ಲ. ನಿಜವಂತರು ಜ್ವರದಲ್ಲಿ ಮಲಗಿದವನ ಪಕ್ಕ ಕುಳಿತು, "ನಾಳೆ ನೀನು ಸಾಯ್ತೀಯ, ಈ ಕಂಬಳಿ ನನಗೆ ಬೇಕು" ಎನ್ನುತ್ತಿದ್ದರು. ಮರುಕದ ಕೇರಿಯವರಿಗೆ ಯಾರಿಗೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಚಳಿಗೆ ನಡುಗುತ್ತಿದೆ ಪಾಪ ಎಂದು ಚಿರತೆಗೆ ಬಾಗಿಲು ತೆಗೆದು ಸತ್ತವನೊಬ್ಬ ಅಲ್ಲಿದ್ದ. ಅವನ ಹೆಂಡತಿ ದುಂಡವ್ವ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಇರುವಂತಿ, ಚಿಕ್ಕವಳು ಸುರಗಿ.

ಅಕ್ಕತಂಗಿಯರಿಗೆ ಕೆರೆಯಲ್ಲಿ ಒಂದು ಆಟ. ಸುರಗಿ ನೀರಲ್ಲಿ ಮುಳುಗಬೇಕು, ಇರುವಂತಿ ಮೆಟ್ಟಿಲ ಮೇಲೆ ಕುಳಿತು ಎಣಿಸಬೇಕು. "ಒಂದು ಮೀನು, ಎರಡು ಮೀನು, ಮೂರು ಮೀನು…" ನಡುವೆಯೇ ತಲೆ ಎತ್ತಿದರೆ, "ಸೋತೆಯಾ ಗುಬ್ಬಚ್ಚಿ?" ಎಂದು ಕೆರೆಯೆಲ್ಲ ಕೇಳುವಂತೆ ನಗುತ್ತಿದ್ದಳು. ಹಾಗೆ ನಕ್ಕು ನಕ್ಕೇ ತಂಗಿಗೆ ನೂರು ಮೀನಿನ ಉಸಿರು ಕಲಿಸಿದಳು.

ಇರುವಂತಿಗೆ ಹದಿನಾರಾಯಿತು. ತಂಗಿಯನ್ನು ಕಾಯಲು ಕತ್ತಿಯೇ ಬೇಕು ಎಂದುಕೊಂಡು ಕತ್ತಿಯನ್ನು ಮುಟ್ಟಿದಳು. ಬಾಯಿಂದ ಹೊಗೆ ಹೊರಟಿತು. ಆ ಹೊಗೆಯೊಳಗೆ ಅವಳ ನಗು ಕೇಳಿಸಿತು.

ಸುರಗಿ ಓಡಿಹೋಗಿ ಕೈ ಹಿಡಿದಳು. "ಅಕ್ಕಾ, ನಾನು ಕಣೇ!"

"ಗೊತ್ತು, ನೀನು ನನ್ನ ತಂಗಿ. ದಾರಿ ಬಿಡು," ಎಂದು ಇರುವಂತಿ ಕೈ ಬಿಡಿಸಿಕೊಂಡಳು.

ಒಂದು ವರ್ಷ ಕಳೆದು ಸುರಗಿಯ ಸರದಿ ಬಂತು. ಅವಳಿಗಿದ್ದ ಆಸೆ ಒಂದೇ: ಅಕ್ಕನ ನಗು ತಿರುಗಿ ಬರಬೇಕು. ತನ್ನದೂ ಹೋದರೆ ಅದನ್ನು ತರುವವರು ಯಾರು? ಕಟ್ಟೆ ಹತ್ತುತ್ತಾ ಉಸಿರೆಳೆದು ಬಾಯಿ ಬಿಗಿದಳು.

ಮೊದಲು ಕನ್ನಡಿ ಮುಟ್ಟಿದಳು. ಮೂವತ್ತು ಮೀನು ಎಣಿಸಿದಳು. ಹೊಗೆ ಬರಲಿಲ್ಲ. "ಇನ್ನೊಂದು ಮುಟ್ಟು," ಎಂದ ತೂಕದಯ್ಯ. ಕೈ ಎತ್ತಿ ಉಸಿರಾಡಿ ಓಲೆ ಮುಟ್ಟಿದಳು. ಅರವತ್ತು ಮೀನು. ಹೊಗೆ ಬರಲಿಲ್ಲ. "ಇನ್ನೊಂದು," ಎಂದು ಅವಳ ಕೈಯನ್ನು ತಾನೇ ಹಿಡಿದು ಹಾಲಿನ ಗಿಂಡಿಯ ಮೇಲೆ ಒತ್ತಿದ. ಅವನ ಬೆರಳು ಹೆಣದ ಬೆರಳಿನಷ್ಟು ತಣ್ಣಗಿತ್ತು. ಎಂಬತ್ತು ಮೀನು. ತೊಂಬತ್ತು. ಕಣ್ಣಿಗೆ ಕತ್ತಲೆ ಬಂತು. ತೊಂಬತ್ತೊಂಬತ್ತು.

ನೂರಕ್ಕೆ ಅವನೇ ಕೈ ಬಿಟ್ಟ. ಬಿಟ್ಟು ನಕ್ಕ. "ಉಸಿರು ಕಟ್ಟಿದ್ದಾಳೆ. ಕಟ್ಟಿದ್ದನ್ನು ಹುಲಿ ಬಿಚ್ಚುತ್ತೆ."

ಹುಲಿಗೆ ಕೊಡಲು ತಾಯಿಯ ಒಪ್ಪಿಗೆ ಬೇಕಿತ್ತು. ದುಂಡವ್ವ ಬಿಸಿಲಲ್ಲಿ ನಿಂತವರಿಗೆ ಮಜ್ಜಿಗೆ ಹಂಚುತ್ತಿದ್ದಳು.

"ದುಂಡವ್ವಾ, ನಿನ್ನ ಮಗಳನ್ನು ಕೊಡ್ತೀಯಾ?"

"ಅದಕ್ಕೇನು, ತಗೊಳ್ಳಿ ಸ್ವಾಮಿ. ಪಾಪ, ಎಷ್ಟು ಹೊತ್ತಿಂದ ನಿಂತಿದ್ದೀರಿ, ಮೊದಲು ಒಂದು ಲೋಟ ಮಜ್ಜಿಗೆ ಕುಡೀರಿ."

ಸುರಗಿ "ಅವ್ವಾ!" ಎಂದಳು. ದುಂಡವ್ವ ಅವಳಿಗೂ ಒಂದು ಲೋಟ ಕೊಟ್ಟಳು.

ಗುಹೆಗೆ ಕರೆದೊಯ್ಯುವ ಕೆಲಸ ಧೀರರದು. ಅಂದು ಈಟಿ ಹಿಡಿದು ಬಂದವಳು ಇರುವಂತಿ.

"ನನ್ನನ್ನೂ ಕರ್ಕೊಂಡು ಹೋಗ್ತೀಯೇನೇ ಅಕ್ಕಾ?"

"ಈ ವರ್ಷ ಹತ್ತೊಂಬತ್ತು ಜನರನ್ನು ಬಿಟ್ಟು ಬಂದಿದ್ದೀನಿ. ನೀನು ಇಪ್ಪತ್ತನೆಯವಳು. ಕಾಲು ಬೇಗ ಹಾಕು."

ಗುಹೆಯ ಒಳಗೆ ನೆಲ ಮೆತ್ತಗಿತ್ತು. ಅದು ಬಟ್ಟೆಗಳ ರಾಶಿ ಎಂದು ಸುರಗಿಗೆ ತಡವಾಗಿ ತಿಳಿಯಿತು. ಬೂದುಬಣ್ಣದ ಹುಲಿ ಎದ್ದು ಬಂತು. ಅದು ಗರ್ಜಿಸಿದಾಗ ಸಾವಿರ ಜನ ಒಟ್ಟಿಗೆ ಮಾತಾಡಿದಂತಾಯಿತು: ಅಳುವವರು, ಬೇಡುವವರು, ಬೈಯುವವರು. ಅದು ಕಚ್ಚುವ ಹುಲಿಯಲ್ಲ. ಬಾಯಿಂದ ಒಳಗೆ ಹೋಗುವ ಹುಲಿ. ತಮ್ಮ ಪಾಲು ಅದರಲ್ಲಿ ಇಲ್ಲದವರ ಎದೆಗೆ ಇಡೀ ಹುಲಿ ನುಗ್ಗಿ, ಸಾವಿರ ಜನ ಹಿಡಿಸದೆ ಎದೆ ಬಿರಿಯುತ್ತಿತ್ತು.

ಸುರಗಿ ಉಸಿರು ಕಟ್ಟಿದಳು. ಹುಲಿ ಅವಳ ಸುತ್ತ ಸುತ್ತಿತು. ಅವಳ ತುಟಿ ಮೂಸಿತು. ಒಂದು ಮೀನು, ಎರಡು ಮೀನು ಎಂದು ಮನಸ್ಸಿನಲ್ಲೇ ಎಣಿಸಿದಳು. ನಲವತ್ತಕ್ಕೆ ಬಂದಾಗ ಹುಲಿಯ ಹೊಟ್ಟೆಯಿಂದ ಯಾರೋ ಜೊತೆಗೂಡಿ ಎಣಿಸತೊಡಗಿದರು. "ನಲವತ್ತೊಂದು ಮೀನು, ನಲವತ್ತೆರಡು ಮೀನು… ಸೋತೆಯಾ ಗುಬ್ಬಚ್ಚಿ?"

ಅಕ್ಕ ಇಲ್ಲಿದ್ದಳು!

ಸುರಗಿ ತಿರುಗಿ, ಇರುವಂತಿ ಕಾದು ನಿಂತಿದ್ದ ಬಾಗಿಲ ಕಡೆ ಓಡಿದಳು. ಹುಲಿ ಬೆನ್ನು ಹತ್ತಿತು. ಅದುವರೆಗೆ ಅದು ಬಾಗಿಲವರೆಗೆ ಬಂದದ್ದೇ ಇರಲಿಲ್ಲ, ಒಳಗೇ ಅದರ ಊಟ ಮುಗಿಯುತ್ತಿತ್ತು. ಇರುವಂತಿ ಹೆದರಲಿಲ್ಲ, ಸರಿಯಲೂ ಇಲ್ಲ. ಈಟಿ ಅಡ್ಡ ಹಿಡಿದು, "ಒಳಗೆ ಹೋಗು! ಬಾಯಿ ತೆರೆ, ಬೇಗ ಮುಗಿಯುತ್ತೆ!" ಎಂದು ಕೂಗಿದಳು. ಕೂಗಲು ತೆರೆದ ಆ ಬಾಯಿಯೊಳಗೆ ಹುಲಿಯ ಮೈಯಿಂದ ಒಂದು ಎಳೆ ಹೊಗೆ ಮನೆ ಗುರುತು ಸಿಕ್ಕಿದ ದನದಂತೆ ನೇರ ಹೋಗಿ ಸೇರಿತು.

ಈಟಿ ಕೆಳಗೆ ಬಿತ್ತು. ಎಳೆ ಕಳಚಿದ ಹುಲಿ ಒಂದು ಗಳಿಗೆ ಹಿಂದೆ ಬಿತ್ತು; ಇರುವಂತಿ ತಂಗಿಯ ತೋಳು ಹಿಡಿದಳು.

"ಗುಬ್ಬಚ್ಚಿ, ನಂಗೆ ಹೆದರಿಕೆ ಆಗ್ತಿದೆ ಕಣೇ."

"ಹೆದರ್ಕೋ ಅಕ್ಕಾ, ಹೆದರ್ಕೋ! ಆದರೆ ಓಡು!"

ಈ ಹುಲಿಯನ್ನು ಕೊಲ್ಲಬಾರದು, ಹಂಚಬೇಕು ಎಂದು ಇಬ್ಬರಿಗೂ ತಿಳಿಯಿತು. ಅದನ್ನು ಬೆನ್ನಿಗೆ ಹಾಕಿಕೊಂಡು ಊರಿಗೆ ಓಡಿದರು. ಧೀರರು ಬಾಣ ಬಿಟ್ಟರು. ಜಾಣರು ಅಗಳಿ ಹಾಕಿದರು. ನಿಜವಂತರು, "ನೀವಿಬ್ಬರೂ ಸಾಯ್ತೀರಿ," ಎಂದು ಕಿಟಕಿಯಿಂದ ಹೇಳಿದರು. ಮರುಕದ ಕೇರಿಯಲ್ಲಿ ಮಾತ್ರ ಬಾಗಿಲು ತೆರೆಯಿತು.

"ಪಾಪ, ಎಷ್ಟು ದಿನದಿಂದ ಹಸಿದಿದೆಯೋ. ಬಾ ಒಳಗೆ," ಎಂದು ದುಂಡವ್ವ ಹುಲಿಯನ್ನು ಕರೆದಳು. ಅವಳ ಪಾಲಿನ ಹೊಗೆ ಅವಳನ್ನು ಸೇರಿತು. ನೆರೆಯವರೂ ಬಾಗಿಲು ತೆರೆದರು. ಇಲ್ಲ ಎನ್ನಲು ಬಾರದಿದ್ದವರು ಈಗ ತಮ್ಮ ಪಾಲಿನ ಧೈರ್ಯ ಸಿಕ್ಕಿ ಗೋಡೆ ಒಡೆಯಲೂ ಬಲ್ಲವರಾದರು. ಗೋಡೆ ಒಡೆದಂತೆ ಹುಲಿ ಬೇರೆ ಕೇರಿಗಳಿಗೆ ನುಗ್ಗಿತು. ಕೂಗಲು ಬಾಯಿ ತೆರೆದವರಿಗೆಲ್ಲ ಅವರವರ ಪಾಲು ಸಿಕ್ಕಿತು. ಹುಲಿ ಕರುವಿನಷ್ಟಾಯಿತು, ಬೆಕ್ಕಿನಷ್ಟಾಯಿತು. ಕೊನೆಗೆ ಸತ್ತವರ ಪಾಲಷ್ಟೇ ಉಳಿದು ಕೆರೆಯ ಮೇಲೆ ಮಂಜಾಗಿ ನಿಂತಿತು.

ತೂಕದಯ್ಯ ಕುಡಿಯಲು ಹೊಗೆಯಿಲ್ಲದೆ ಕಟ್ಟೆಯ ಮೇಲೆ ಕುಸಿದು, ಒಣಗಿದ ಸೋರೆಬುರುಡೆಯಂತೆ ಒಡೆದ. ಒಳಗೆ ಏನೂ ಇರಲಿಲ್ಲ.

ಅರಿಗೆರೆಯ ಜನ ಮತ್ತೆ ಜಗಳವಾಡಿದರು, ರಾಜಿಯಾದರು, ಮದುವೆ ಮಾಡಿದರು, ಸುಖವಾಗಿದ್ದರು. ಮಕ್ಕಳು ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ದಿನಚರಿಯಲ್ಲಿ ಇನ್ನೂ ಕೆಲವು ಸಾಲುಗಳಿವೆ.

ತಿಳಿವು ಬಂದ ದಿನ ದುಂಡವ್ವನಿಗೆ ತಾನು ಮಗಳನ್ನು ಕೊಟ್ಟದ್ದು ನೆನಪಾಯಿತು. ಆಮೇಲೆ ಅವಳು ಬದುಕಿದ್ದಷ್ಟು ಕಾಲ ಮಜ್ಜಿಗೆ ಕಡೆಯಲಿಲ್ಲ.

ಇರುವಂತಿ ಹತ್ತೊಂಬತ್ತು ಮನೆಗಳಿಗೆ ಹೋಗಿ, ನಿಮ್ಮ ಮಗುವನ್ನು ಗುಹೆಗೆ ಬಿಟ್ಟವಳು ನಾನು ಎಂದು ಹೇಳಿದಳು. ಏಳು ಮನೆಗಳಲ್ಲಿ ಹೊಡೆದರು. ಹನ್ನೊಂದು ಮನೆಗಳಲ್ಲಿ ಬಾಗಿಲು ಮುಚ್ಚಿದರು. ಒಂದು ಮನೆಯಲ್ಲಿ ಕೂರಿಸಿ ಅನ್ನ ಇಟ್ಟರು. ಅವಳಿಗೆ ಉಣ್ಣಲಾಗಲಿಲ್ಲ.

ಅವಳ ನಗು ತಿರುಗಿ ಬಂದಿತ್ತು. ಸುರಗಿ ಕೇಳಿದಾಗ ಕೆರೆಯ ಮೆಟ್ಟಿಲಿಗೂ ಬಂದು ಕೂರುತ್ತಿದ್ದಳು. ತಂಗಿ ಮುಳುಗಿದರೆ ಎಣಿಸುತ್ತಿದ್ದಳು. ಹತ್ತೊಂಬತ್ತು ಮೀನಿಗೆ ಅವಳ ದನಿ ನಿಂತುಹೋಗುತ್ತಿತ್ತು. ಇಪ್ಪತ್ತನೆಯದನ್ನು ಸುರಗಿ ತಲೆ ಎತ್ತಿ ತಾನೇ ಹೇಳುತ್ತಿದ್ದಳು.