ಕಾರಿನ ಎಸಿಯಲ್ಲಿ ಕಾಳುಮೆಣಸು

"ಎಸಿ ಹಾಕಿದ್ರೆ ಸಾಕು ರೀ, ಒಳಗೆ ಕಡ್ಲೆ ಹುರಿದಂಗೆ ಸದ್ದು. ಹಾಸನದಲ್ಲಿ ಒಬ್ರು ಕಂಪ್ರೆಸರ್ರೇ ಹೋಗಿದೆ ಅಂದ್ರು. ನೀವೂ ಅದನ್ನೇ ಹೇಳೋದಾದ್ರೆ ಈಗ್ಲೇ ಹೇಳ್ಬಿಡಿ, ನಾನು ಹೊರಟೆ."

ಶಿವಲೀಲಾ ಕಾರಿನಿಂದ ಇಳಿಯುವ ಮೊದಲೇ ಇಷ್ಟನ್ನೂ ಹೇಳಿ ಮುಗಿಸಿದ್ದಳು. ಎರಡು ಸಾವಿರದ ಮೂರನೇ ಇಸವಿಯ ಮಾರ್ಚ್ ತಿಂಗಳು, ಸುಡು ಮಧ್ಯಾಹ್ನ. ಆಲೂರಿನಲ್ಲಿ ಹೊಸದಾಗಿ ಗ್ಯಾರೇಜ್ ತೆರೆದಿದ್ದ ಸಿದ್ದೇಶ ಕೈ ಒರೆಸಿಕೊಳ್ಳುತ್ತಾ ಅವಳನ್ನು ನೋಡಿದ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದ ಅನ್ನಿ.

'ಇವನು ಕಾರು ನೋಡ್ತಾನೋ, ನನ್ನ ನೋಡ್ತಾನೋ...'

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ.

ಸಿದ್ದೇಶ ಎಸಿ ಆರಿಸಿ ಬರೀ ಫ್ಯಾನ್ ಬಿಟ್ಟ. ಸದ್ದು ನಿಲ್ಲಲಿಲ್ಲ. ಫ್ಯಾನ್ ಜೋರು ಮಾಡಿದ. ಸದ್ದೂ ಜೋರಾಯಿತು.

"ಕಂಪ್ರೆಸರ್ ಚೆನ್ನಾಗೈತೆ ಮೇಡಂ. ಫ್ಯಾನಿಗೇ ಏನೋ ಬಡೀತೈತೆ."

ಪಕ್ಕದ ಸೀಟಿನ ಮುಂದೆ ಮಂಡಿಯೂರಿ, ಡ್ಯಾಶ್‌ಬೋರ್ಡಿನ ಕೆಳಗಿಂದ ಫ್ಯಾನ್ ಬಿಚ್ಚಿ ಹೊರಗೆಳೆದ. ಬೊಗಸೆ ತುಂಬ ಕಾಳುಮೆಣಸು ಉದುರಿತು!

ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯೋ, ಅಮ್ಮನ ಕೆಲಸ. ಕಣದಲ್ಲಿ ಜಾಗ ಸಾಲ್ದಿದ್ರೆ ಬಾನೆಟ್ ಮೇಲೂ ಮೆಣಸು ಒಣಗಿಸ್ತಾರೆ. ಬೇಗ ಕಾಯುತ್ತಂತೆ."

"ಗಾಜಿನ ಬುಡದ ಕಿಂಡೀಲಿ ಇಳಿದೈತೆ," ಎಂದು ಅವನೂ ನಕ್ಕ. ಕಿಂಡಿಯೊಳಗೆ ತಂತಿಬಲೆ ಹೊಂದಿಸಿ ಬಿಗಿದ. "ಇನ್ನೊಂದ್ಸಲ ಸದ್ದು ಬಂದ್ರೆ ನನ್ನ ಕೇಳಿ. ಗ್ಯಾರಂಟಿ."

ಆ ಗ್ಯಾರಂಟಿಯೇ ಅವಳನ್ನು ಕೆಡಿಸಿತು. ತನ್ನೂರು ಮಗ್ಗೆಗೆ ಹೋಗುವ ದಾರಿಯುದ್ದಕ್ಕೂ ಎಸಿ ತಣ್ಣಗೆ, ಸುಮ್ಮನೆ ಓಡಿತು. ಮರುದಿನವೂ ಸದ್ದಿಲ್ಲ. ವಾರ ಕಳೆದರೂ ಸದ್ದಿಲ್ಲ. ಇನ್ನು ಆಲೂರಿಗೆ ಹೋಗುವುದಾದರೂ ಯಾವ ನೆಪದಲ್ಲಿ? ಊಟ ರುಚಿಸದಾಯಿತು, ಹುಡುಗಿ ಒಬ್ಬಳೇ ನಗುವುದು ಹೆಚ್ಚಾಯಿತು.

ಒಂದು ಬೆಳಿಗ್ಗೆ ಅಮ್ಮ ಕೊಟ್ಟಿಗೆಯಲ್ಲಿದ್ದಾಗ ಶಿವಲೀಲಾ ಅಡುಗೆಮನೆಯ ಮಸಾಲೆ ಡಬ್ಬಿಗೆ ಕೈ ಹಾಕಿದಳು. ಕಾರಿನ ಕಿಂಡಿಯ ಬಲೆಯ ಮೂಲೆ ಎತ್ತಿ, ಒಂದು ಹಿಡಿ ಮೆಣಸು ಒಳಗೆ ಸುರಿದು, ಬೆಕ್ಕಿನ ಹಾಗೆ ವಾಪಸ್ಸು ಬಂದಳು.

ಆದರೆ ಈ ಸಲ ಅಪ್ಪ ದೇವೀರಪ್ಪನೂ ಕಾರು ಹತ್ತಿಬಿಟ್ಟ. ಅದನ್ನು ಅವಳು ಎಣಿಸಿರಲಿಲ್ಲ.

"ಗ್ಯಾರಂಟಿ ಅಂದಿದ್ದೆಯಂತೆ?" ಗ್ಯಾರೇಜಿನಲ್ಲಿ ಇಳಿಯುತ್ತಲೇ ಅಪ್ಪ ಶುರು ಮಾಡಿದ. "ಹದಿನೈದು ದಿನ ತಡೀಲಿಲ್ಲವಲ್ಲೋ ನಿನ್ನ ಕೆಲಸ."

ಜೀಪು ರಿಪೇರಿಗೆ ತಂದು ಕಾಯುತ್ತಿದ್ದ ಸೋಮಯ್ಯನವರು ಕಿವಿ ನಿಮಿರಿಸಿದರು. ಅವರ ಮಾತು ಅಂದರೆ ಸುತ್ತಲ ಎಸ್ಟೇಟಿನವರಿಗೆಲ್ಲ ವೇದವಾಕ್ಯ.

ಸಿದ್ದೇಶ ಫ್ಯಾನ್ ಬಿಚ್ಚಿದ. ಅಂಗೈ ಮೇಲೆ ಮೆಣಸು ಬಿತ್ತು. ಜೊತೆಗೆ ನಾಲ್ಕಾರು ಕಾಳು ಜೀರಿಗೆ.

ಬಾನೆಟ್ ಮೇಲೆ ಜೀರಿಗೆ ಯಾರು ಒಣಗಿಸುತ್ತಾರೆ? ಅವನು ತಲೆಯೆತ್ತಿ ಶಿವಲೀಲಾಳನ್ನು ನೋಡಿದ. ಅವಳ ಮುಖ ಕೆಂಪಾಗಿತ್ತು. ಅವನ ಮುಷ್ಟಿ ಮೆಲ್ಲಗೆ ಮುಚ್ಚಿಕೊಂಡಿತು.

"ತಪ್ಪು ನಂದೇ ಯಜಮಾನ್ರೇ. ಬಲೆ ಸರಿಯಾಗಿ ಬಿಗಿದಿರ್ಲಿಲ್ಲ."

"ಹಂಗಾರೆ ನನ್ನ ಜೀಪೂ ಬೇಡ ಬುಡು," ಎಂದರು ಸೋಮಯ್ಯ ಎದ್ದು ನಿಂತು. "ಹಾಸನಕ್ಕೇ ಕೊಂಡೋಯ್ತೀನಿ."

"ಸಂತೇಲಿ ನಾಲ್ಕು ಜನಕ್ಕೆ ನಾನೂ ಹೇಳ್ತೀನಿ," ಎಂದ ಅಪ್ಪ.

ಶಿವಲೀಲಾ ಸಿದ್ದೇಶನ ಮುಚ್ಚಿದ ಮುಷ್ಟಿಯನ್ನೇ ನೋಡಿದಳು. 'ನನ್ನ ಮಾನ ಉಳಿಸೋಕೆ ಇವರು ಅನ್ನದ ದಾರಿನೇ ಬಿಟ್ಟುಕೊಡ್ತಿದ್ದಾರಲ್ಲ... ನಾನು ಸುಮ್ನೆ ನಿಂತಿದ್ದೀನಿ.'

"ಅಪ್ಪಾಜಿ, ಅವರು ಸುಳ್ಳು ಹೇಳ್ತಿದ್ದಾರೆ. ಬಲೆ ಎತ್ತಿದ್ದು ನಾನು. ಮೆಣಸು ಹಾಕಿದ್ದೂ ನಾನೇ."

"ತಲೆ ಕೆಟ್ಟೈತೇನೇ? ಯಾಕೆ?"

"ಕಾರು ಸರಿಹೋಗಿಬಿಟ್ರೆ... ಇಲ್ಲಿಗೆ ಬರೋಕೆ ನನಗೆ ನೆಪ ಇರ್ಲಿಲ್ಲ."

ಸಿದ್ದೇಶನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

ಮೊದಲು ನಕ್ಕವರು ಸೋಮಯ್ಯ. ಹೊಟ್ಟೆ ಹಿಡಿದುಕೊಂಡು ನಕ್ಕರು. "ದೇವೀರಪ್ಪ, ನಿನ್ನ ಕಾರಿಗೆ ಹಾಸನದಲ್ಲಿ ಮದ್ದಿಲ್ಲ ಬುಡು ಮಾರಾಯ. ನನ್ನ ಜೀಪು ಇಲ್ಲೇ ಇರ್ಲಿ."

ಅಪ್ಪ ನಗಲಿಲ್ಲ. ಮಗಳನ್ನು ಒಮ್ಮೆ, ಹುಡುಗನನ್ನು ಒಮ್ಮೆ ನೋಡಿದ. ಮಾಡದ ತಪ್ಪು ಒಪ್ಪಿಕೊಂಡು ಬೈಸಿಕೊಂಡವನು ಇನ್ನೂ ತಲೆ ತಗ್ಗಿಸಿಯೇ ನಿಂತಿದ್ದ.

"ನಿಮ್ಮಪ್ಪನ ಹೆಸರೇನಪ್ಪ? ಯಾವೂರ ಕಡೆಯೋರು?"

ಹೆಣ್ಣು ಹೆತ್ತವರು ಈ ಪ್ರಶ್ನೆ ಸುಮ್ಮನೆ ಕೇಳುವುದಿಲ್ಲ. ಶಿವಲೀಲಾಳ ಕಣ್ಣು ತುಂಬಿ ಬಂತು.

"ನಂಜುಂಡಯ್ಯ ಅಂತ. ಪಾಳ್ಯದ ಕಡೆಯೋರು," ಎಂದ ಸಿದ್ದೇಶ.

"ಹೂಂ..." ಎಂದು ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಬಾರಯ್ಯ ಸೋಮಯ್ಯ, ಒಂದು ಟೀ ಕುಡಿದು ಬರೋಣ."

ಇಬ್ಬರೇ ಉಳಿದರು. ಸಿದ್ದೇಶ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡ.

"ಆ ಬಲೆ ಯಾಕಾದ್ರೂ ಹಾಕಿದ್ನೋ ಅಂತ ದಿನಾ ನನ್ನನ್ನೇ ನಾನು ಬೈಕೊಂಡಿದೀನಿ ಮೇಡಂ."

"ಮೇಡಂ ಅಲ್ಲ. ಲೀಲಾ."

"ಲೀಲಾ..." ಎಂದು ಅವನು ಹೇಳಿ ನೋಡಿದ. ಇನ್ನೊಮ್ಮೆ ಹೇಳಿದ. "ಮತ್ತೆ ಯಾವಾಗ ಬರ್ತೀರಾ?"

ಅವಳು ತುಂಬಿದ ಕಣ್ಣಲ್ಲೇ ನಕ್ಕಳು.

"ಎರಡು ಸಲ ನಾನೇ ಬಂದೆನಲ್ಲ. ಇನ್ನು ನೀವೇ ಬನ್ನಿ... ಅಪ್ಪ ಅಮ್ಮನ್ನ ಕರ್ಕೊಂಡು."