ಕತ್ತಲಾಗುವ ತಿರುವಿನಲ್ಲಿ ನಿಂತ ರೈಲು

ಇಸ್ತ್ರಿ ಅಂಗಡಿಯ ಹೆಂಗಸು ಒಳಗೆ ಬಾ ಎಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದಳು: "ನನ್ನ ಮಗ ಚೈನ್ ಎಳೆದಿಲ್ಲ ಡಾಕ್ಟ್ರೇ. ಬರೋ ತಿಂಗಳು ಅದೇ ರೈಲಿಗೆ ಗಾರ್ಡಾಗಿ ಸೇರ್ಬೇಕಾದವನು. ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳ್ಕೋತಾನಾ?"

ಅತ್ತಿಗೆ ಕನ್ನಡಕ ಒರೆಸುತ್ತ ಕೇಳಿದರು, "ಮತ್ಯಾಕೆ ಅವನನ್ನೇ ಹಿಡಿದ್ರು?"

"ಉದ್ದ ಇದಾನಲ್ಲ, ಅದಕ್ಕೆ!"

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಕಣ್ಣಿನ ಡಾಕ್ಟರಾಗಿದ್ದು ನಿವೃತ್ತರಾದವರು. ಅಣ್ಣ ಹೋದಮೇಲೆ ನಾವಿಬ್ಬರೂ ಲೋಕಲ್ ರೈಲಿನ ಕೊನೆಯ ನಿಲ್ದಾಣದ ಎದುರಿನ ಮನೆಯಲ್ಲಿದ್ದೆವು. ಬಡಾವಣೆಯಲ್ಲಿ ಯಾರಿಗೆ ಏನು ಬಗೆಹರಿಯದಿದ್ದರೂ ಅವರ ಹತ್ತಿರ ಬರುತ್ತಿದ್ದರು. ಜೊತೆಗೆ ಓಡಾಡುವುದು ನನ್ನ ಕೆಲಸ.

ವಿಷಯ ಇಷ್ಟು. ನಮ್ಮ ನಿಲ್ದಾಣಕ್ಕೆ ಮುಂಚೆ ಒಂದು ತಿರುವಿದೆ. ಅಲ್ಲಿ ಮೇಲಿನ ವಿದ್ಯುತ್ ತಂತಿ ಬದಲಾಗುವುದರಿಂದ ಬೋಗಿಯ ದೀಪಗಳು ಆರಿ, ತುಸು ಹೊತ್ತಿಗೆ ಮತ್ತೆ ಹೊತ್ತುತ್ತವೆ. ಸಂಜೆಯ ರೈಲಿನ ಕೊನೆಯ ಬೋಗಿಯಲ್ಲಿ ಆ ಕತ್ತಲಲ್ಲೇ ಯಾರೋ ಮೂರು ಸಲ ಚೈನ್ ಎಳೆದಿದ್ದರು. ಅಲ್ಲಿ ನಿಂತ ರೈಲಿಗೆ ವಿದ್ಯುತ್ತೂ ಇಲ್ಲ, ದೀಪವೂ ಇಲ್ಲ. ಇನ್ನೊಂದು ಎಂಜಿನ್ ಬಂದು ತಳ್ಳಬೇಕು. ಮೂರನೆಯ ಸಲ ಮುದುಕರೊಬ್ಬರು ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದರು. ಚೈನಿನ ಕೆಂಪು ಹಿಡಿ ಬಹಳ ಎತ್ತರದಲ್ಲಿತ್ತು. ಸೀಟು ಹತ್ತಿದ್ದರೆ ಕೂತವರಿಗೆ ಗೊತ್ತಾಗುತ್ತಿತ್ತು; ಹತ್ತದೆ ಅದನ್ನು ಮುಟ್ಟಬಲ್ಲವನು ಬೋಗಿಯಲ್ಲಿ ಒಬ್ಬನೇ: ಎಲ್ಲರೂ ಉದ್ದಣ್ಣ ಎಂದು ಕರೆಯುವ ಈಕೆಯ ಮಗ.

ಮರುದಿನ ಸಂಜೆ ನಾವು ಅದೇ ಬೋಗಿ ಹತ್ತಿದೆವು. ಹಿಡಿಯ ಕೆಳಗಿನ ಸೀಟುಗಳಲ್ಲಿ ದಿನವೂ ಕೂರುವವರು ಮೂವರು. ಕಿಟಕಿಯ ಪಕ್ಕ ಬ್ರೆಡ್ಡಿನ ಖಾಲಿ ಬುಟ್ಟಿ ಹಿಡಿದ ಬೇಕರಿಯಾಕೆ, ಅವಳ ಎದುರಿಗೆ ಕುಳ್ಳನೆಯ ದರ್ಜಿ, ದರ್ಜಿಯ ಪಕ್ಕದಲ್ಲಿ ಮಾತಿನ ಮಲ್ಲಿಯಂಥ ನರ್ಸ್. ದರ್ಜಿ ತುದಿಗಾಲಲ್ಲಿ ನಿಂತು ಬಟ್ಟೆಯ ಚೀಲವನ್ನು ಮೇಲಿನ ಅಟ್ಟಕ್ಕೆ ತಳ್ಳಿ ಕೂತ. ಕತ್ತಿನಲ್ಲಿ ಅಳತೆ ಟೇಪು ಜೋತಾಡುತ್ತಿತ್ತು.

"ಆ ಮುದುಕರು ಬಿದ್ದ ದಿನ ಏನಾಯ್ತಮ್ಮಾ?" ಅತ್ತಿಗೆ ಕೇಳಿದರು.

ನರ್ಸ್ ಶುರುಮಾಡಿದಳು. "ಏನಾಯ್ತು ಅಂತ ಗೊತ್ತಾಗೋದ್ರೊಳಗೆ ನಾನು ನೆಲದ ಮೇಲಿದ್ದೆ! ಬಾಗಿಲ ಹತ್ರ ನಿಂತಿದ್ದ ಉದ್ದಣ್ಣ ಮುಖ ಅಡಿಯಾಗಿ ಬಿದ್ದ. ಅವನ ತುಟಿಗೆ ನಾನೇ ಹತ್ತಿ ಒತ್ತಿದ್ದು."

"ನನ್ನ ಬುಟ್ಟಿ ಮಾತ್ರ ಬಚಾವಾಯ್ತು. ಇವ್ರು ಹಿಡ್ಕೊಂಡಿದ್ರು," ಎಂದು ಬೇಕರಿಯಾಕೆ ದರ್ಜಿಯ ಕಡೆ ತಲೆ ಆಡಿಸಿದಳು.

"ಇವ್ರಿಗೆ ಬುಟ್ಟಿ ಹಿಡಿಯೋಕೆ ಬರತ್ತೆ, ಹೊಲಿಯೋಕೆ ಬರಲ್ಲ," ಎಂದು ನರ್ಸ್ ತನ್ನ ಸಮವಸ್ತ್ರದ ಸೊಂಟ ಹಿಡಿದು ಎಳೆದು ತೋರಿಸಿದಳು. "ಬರ್ಕೊಂಡಿರೋ ಹಳೇ ಅಳತೆಗೇ ಹೊಲೀರಿ ಅಂದ್ರೆ, ಹೋದ ವಾರ ಇಬ್ರು ತೂರೋ ಹಾಗೆ ಹೊಲ್ಕೊಟ್ಟಿದಾರೆ!"

ದರ್ಜಿ ನಗಲಿಲ್ಲ. ಕಿಟಕಿಯ ಗಾಜನ್ನೇ ನೋಡುತ್ತಿದ್ದ. ಹೊರಗೆ ಕತ್ತಲಾಗಿತ್ತು. ತಿರುವು ಬಂತು, ದೀಪ ಆರಿತು. ಬೇಕರಿಯಾಕೆ ಗಾಜಿಗೆ ಹಣೆ ಒತ್ತಿದಳು. ಹಳಿಗೆ ಬೆನ್ನು ಮಾಡಿ ನಿಂತ ಮನೆಗಳ ಸಾಲಿನಲ್ಲಿ ಒಂದು ಅಡುಗೆಮನೆ, ಬಲ್ಬಿನ ಕೆಳಗೆ ಬರೆಯುತ್ತ ಕೂತ ಹುಡುಗಿಯೊಬ್ಬಳ ಎರಡು ಜಡೆ ಕಂಡಹಾಗಾಯಿತು. ಅಷ್ಟರಲ್ಲಿ ದೀಪ ಹೊತ್ತಿತು. ಅವಳು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು.

ಮನೆಗೆ ಬಂದ ಮೇಲೆ ಅತ್ತಿಗೆ ಊಟಕ್ಕೂ ಏಳಲಿಲ್ಲ. "ಯಾರು ಅಂತ ಗೊತ್ತಾಯ್ತಾ?" ಎಂದೆ.

"ಯಾರು ಅಂತ ಅಲ್ಲೇ ಗೊತ್ತಾಯ್ತು. ಯಾಕೆ ಅನ್ನೋದನ್ನ ಎಲ್ಲರ ಮುಂದೆ ಹೇಳಬೇಕಲ್ಲ, ಅದೇ ಸಂಕಟ."

ಅತ್ತಿಗೆ ಕೇಳಿದ್ದಕ್ಕೆ ರೈಲ್ವೆ ಪೊಲೀಸ್ ಇನ್ಸ್‌ಪೆಕ್ಟರು ಭಾನುವಾರ ಸಂಜೆ ಯಾರ್ಡಿನಲ್ಲಿ ನಿಂತಿದ್ದ ಆ ಬೋಗಿಯ ಬಾಗಿಲು ತೆಗೆಸಿಕೊಟ್ಟರು. ಮೂವರೂ ತಮ್ಮ ತಮ್ಮ ಜಾಗದಲ್ಲಿ ಕೂತರು. ಉದ್ದಣ್ಣ ತಾಯಿಯೊಂದಿಗೆ ಬಾಗಿಲ ಬಳಿ ನಿಂತ.

ಅತ್ತಿಗೆ ನಿಧಾನವಾಗಿ ಶುರುಮಾಡಿದರು. "ಚೈನ್ ಎಳೆಯೋನಿಗೆ ರೈಲು ಗಕ್ಕಂತ ನಿಲ್ಲತ್ತೆ ಅಂತ ಗೊತ್ತಿರತ್ತೆ. ಅವನು ಗಟ್ಟಿಯಾಗಿ ಕೂತಿರ್ತಾನೆ, ತುಟಿ ಒಡ್ಕೊಳ್ಳಲ್ಲ. ಉದ್ದಣ್ಣ ಬಿದ್ದ, ನರ್ಸ್ ಬಿದ್ರು. ಬೀಳದೇ ಇದ್ದೋರು, ಬೇರೆಯವರ ಬುಟ್ಟಿಯನ್ನೂ ಮೊದಲೇ ಹಿಡ್ಕೊಂಡಿದ್ದೋರು ಒಬ್ರೇ."

ಎಲ್ಲರೂ ದರ್ಜಿಯ ಕಡೆ ತಿರುಗಿದರು.

"ಅವ್ರ ಕೈ ಅಲ್ಲಿಗೆ ಎಟುಕಲ್ವಲ್ಲ!" ಎಂದರು ಇನ್ಸ್‌ಪೆಕ್ಟರು.

"ಕೈ ಎಟುಕಲ್ಲ, ಟೇಪು ಎಟುಕತ್ತೆ. ಚೀಲ ಇಡೋ ನೆಪದಲ್ಲಿ ಹಿಡಿಯ ಮೇಲಿಂದ ಟೇಪು ಹಾಯಿಸಿ, ಚೀಲದಿಂದ ಇಳಿಬಿದ್ದ ಬಟ್ಟೆಯಡಿ ಮರೆಮಾಡಿದ್ರು. ದೀಪ ಆರಿದಾಗ ಕೂತಲ್ಲಿಂದಲೇ ಜಗ್ಗಿದ್ರು. ಒಂದು ತುದಿ ಬಿಟ್ರೆ ಟೇಪು ವಾಪಸ್ ಕೈಗೇ ಬರತ್ತೆ. ಆದ್ರೆ ಅಷ್ಟು ಜಗ್ಗಿದ ಟೇಪು ಹಿಗ್ಗತ್ತೆ. ಹಿಗ್ಗಿದ ಟೇಪಲ್ಲಿ ಹಳೇ ಅಳತೆಗೆ ಬಟ್ಟೆ ಕತ್ತರಿಸಿದ್ರೆ ದೊಗಲೆ ಆಗತ್ತೆ."

ನರ್ಸ್ ತನ್ನ ಸೊಂಟ ಮುಟ್ಟಿ ನೋಡಿಕೊಂಡಳು. ಅತ್ತಿಗೆ ತಮ್ಮ ಬಳಿಯಿದ್ದ ಹೊಸ ಟೇಪನ್ನು ದರ್ಜಿಯ ಟೇಪಿನ ಪಕ್ಕ ಹಿಡಿದರು. ಮೊದಲ ಗೆರೆಗಳು ಕೂಡಿದರೂ ಕೊನೆಯವು ಕೂಡಲಿಲ್ಲ.

"ಯಾಕ್ರೀ ಹೀಗೆ ಮಾಡಿದ್ರಿ?" ಇನ್ಸ್‌ಪೆಕ್ಟರು ಗದರಿದರು.

"ಈ ಗಾಜು ನೋಡಿ," ಎಂದರು ಅತ್ತಿಗೆ. "ಹೊರಗೆ ಕತ್ತಲು, ಒಳಗೆ ದೀಪ ಇದ್ರೆ ಇದು ಕಿಟಕಿ ಅಲ್ಲ, ಕನ್ನಡಿ. ಇವ್ರು ದಾರಿಯುದ್ದಕ್ಕೂ ನೋಡ್ತಿದ್ದದ್ದು ಎದುರಿನ ಸೀಟಿನ ಮುಖ. ದೀಪ ಆರಿದಾಗ ಮಾತ್ರ ಹೊರಗಿನದು ಕಾಣತ್ತೆ. ಆಗ ಆ ಮುಖ ಎಲ್ಲಿಗೆ ಹೋಗತ್ತೆ, ದೀಪ ಬಂದಾಗ ಹೇಗೆ ಬಾಡತ್ತೆ ಅನ್ನೋದು ಇವ್ರಿಗೆ ಗೊತ್ತಾಯ್ತು. ರೈಲು ಅಲ್ಲೇ ನಿಂತ್ರೆ ದೀಪ ಬರಲ್ಲ, ಹೊರಗಿನದು ಕಾಣ್ತಾನೇ ಇರತ್ತೆ."

ಬೇಕರಿಯಾಕೆಯ ಕೈಯಿಂದ ಬುಟ್ಟಿ ಜಾರಿತು. ಅದನ್ನು ಎತ್ತಿಕೊಂಡು ಮಾತಾಡಿದಳು.

"ಆ ಅಡುಗೆಮನೇಲಿ ಕಾಣೋ ಹುಡುಗಿ ನನ್ನ ಅಣ್ಣನ ಮಗಳು. ಹೆತ್ತವಳು ಹೆರಿಗೆಯಲ್ಲೇ ಹೋದಳು. ಕೈಗೂಸಿನಿಂದ ನಾನೇ ಸಾಕಿದೆ. ಅಣ್ಣ ಇನ್ನೊಂದು ಮದುವೆ ಆಗಿ ಕರ್ಕೊಂಡು ಹೋದ. ಹೊಸ ಅಮ್ಮನಿಗೆ ಮಗು ಹೊಂದ್ಕೋಬೇಕು, ನೀನು ಬರಬೇಡ ಅಂದ. ನಾನು ಬರೀ ಅತ್ತೆ. ಏನಂತ ಹಕ್ಕು ಕೇಳ್ಲಿ?" ಅವಳು ದರ್ಜಿಯ ಕಡೆ ತಿರುಗಿದಳು. "ರೈಲು ನಿಂತಾಗೆಲ್ಲ ದೇವರು ನಿಲ್ಲಿಸಿದ ಅಂದ್ಕೊಂಡಿದ್ದೆ."

ದರ್ಜಿ ನೆಲ ನೋಡುತ್ತಲೇ ಹೇಳಿದ: "ಇನ್ನೊಂದು ಗಳಿಗೆ ನೋಡ್ಲಿ ಅನ್ನಿಸ್ತು, ಅಷ್ಟೇ. ಆ ಯಜಮಾನ್ರು ಬಿದ್ದಾಗಲೇ ಒಪ್ಕೋಬೇಕಿತ್ತು. ಯಾಕೆ ಅಂತ ಕೇಳಿದ್ರೆ ಇವ್ರ ಹೆಸರು ಬರತ್ತಲ್ಲ ಅಂತ ಬಾಯಿ ಕಟ್ಟಿಹೋಯ್ತು." ಆಮೇಲೆ ಎದ್ದು ಉದ್ದಣ್ಣನ ಮುಂದೆ ಕೈ ಮುಗಿದ. "ನಿನಗೆ ದೊಡ್ಡ ಅನ್ಯಾಯ ಮಾಡಿದೆ ಕಣಪ್ಪ."

ಉದ್ದಣ್ಣ ದರ್ಜಿಯ ಕೈಗಳನ್ನು ಹಿಡಿದು ಇಳಿಸಿದ. ಅವನ ತಾಯಿ ಮಾತ್ರ ಮುಖ ತಿರುಗಿಸಿಕೊಂಡಳು.

ದರ್ಜಿಗೆ ದಂಡವಾಯಿತು. ಬಿದ್ದ ಮುದುಕರ ಆಸ್ಪತ್ರೆಯ ಖರ್ಚನ್ನೂ ಅವನೇ ಹೊತ್ತ. ಉದ್ದಣ್ಣ ಕೆಲಸಕ್ಕೆ ಸೇರಿದ. ಅತ್ತಿಗೆ ಒಂದು ಮಧ್ಯಾಹ್ನ ಬೇಕರಿಯಾಕೆಯನ್ನು ಕರೆದುಕೊಂಡು ಆ ಮನೆಯ ಮುಂಬಾಗಿಲು ತಟ್ಟಿದರು. ತೆರೆದವಳು ಹೊಸ ಅಮ್ಮ. "ಮಗು ದಿನಾ ನಿಮ್ಮನ್ನೇ ಕೇಳತ್ತೆ. ನೀವೇ ಬರ್ತಿಲ್ಲ ಅಂತ ನಮ್ಮನೆಯವ್ರು ಹೇಳಿದ್ರು," ಎಂದಳು. ಒಳಗಿನಿಂದ ಎರಡು ಜಡೆಗಳು ಓಡಿಬಂದವು. ನಾನು ಬೀದಿಯ ಕಡೆ ತಿರುಗಿ ನಿಂತೆ.

ಕೆಲವು ವಾರಗಳಾದ ಮೇಲೆ ಬೇಕರಿಯಾಕೆ ನಮ್ಮ ಮನೆಗೆ ಬಂದಳು. ದರ್ಜಿ ಅಂಗಡಿ ಮುಚ್ಚಿ, ಹೊಲಿಗೆ ಯಂತ್ರ ಹೊತ್ತು ಎಲ್ಲಿಗೋ ಹೋಗಿದ್ದ. ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ.

"ಒಬ್ರನ್ನ ಹುಡುಕಿಕೊಡ್ತೀರಾ ಡಾಕ್ಟ್ರೇ?"

"ಸಿಕ್ಕಿದ್ರೆ ಏನು ಹೇಳ್ಬೇಕು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಇಷ್ಟು ವರ್ಷ ಎದುರಿಗೇ ಕೂತಿದ್ರೂ ಅವ್ರ ಮುಖ ಸರಿಯಾಗಿ ನೋಡೇ ಇಲ್ಲ ನಾನು. ಅಷ್ಟು ಹೇಳಿ, ಸಾಕು."

ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ಬೀಗದಕೈ ಹುಡುಕಲು ಒಳಗೆ ಹೋದೆ.